ಸೈಕೋಟೂಲ್‌ಕಿಟ್ ವಿಮರ್ಶೆ: ಗುಣ ಅಳೆಯುತ್ತದೆ, ಕೆಲಸ ಅಳೆಯುತ್ತದೆ, ಒತ್ತಡ ಮಾತ್ರ ನೀವೇ ತರಬೇಕು

ವ್ಯಕ್ತಿತ್ವದ ಲಕ್ಷಣಕ್ಕೂ ಒತ್ತಡದಲ್ಲಿ ತಲೆ ಓಡುವ ಬಗೆಗೂ ಏನು ನಂಟು ಎಂದು ಅಳೆಯಹೊರಟವರಿಗೆ ಮೂರು ಸಾಮಾನು ಬೇಕು. ಗುಣ ಅಳೆಯುವ ಪ್ರಶ್ನಾವಳಿ, ಮಿಲಿಸೆಕೆಂಡ್ ಲೆಕ್ಕದಲ್ಲಿ ಉತ್ತರ ದಾಖಲಿಸುವ ಟಾಸ್ಕ್, ನಡುವೆ ನಂಬಬಹುದಾದ ಒಂದು ಒತ್ತಡ. ಸೈಕೋಟೂಲ್‌ಕಿಟ್ ಎಂಬ ತಂತ್ರಾಂಶ ಮೊದಲ ಎರಡನ್ನು ಒಂದೇ ಲಿಂಕ್‌ನಲ್ಲಿ ಪುಕ್ಕಟೆಯಾಗಿ ಕೊಡುತ್ತದೆ. ಮೂರನೆಯದು ಅದರಲ್ಲಿಲ್ಲ. ಇದನ್ನು ತಿಳಿದು ಬಳಸಿದರೆ ವಿದ್ಯಾರ್ಥಿ ಪ್ರಾಜೆಕ್ಟಿಗೂ ಸಣ್ಣ ಸಂಶೋಧನೆಗೂ ಇದು ಒಳ್ಳೆಯ ಆಯ್ಕೆ. ತಿಳಿಯದೆ ಬಳಸಿದರೆ ನೂರಾರು ಜನರ ಅಂಕಿಅಂಶ ಕೈಯಲ್ಲಿದ್ದೂ ಹೇಳಲು ಏನೂ ಇರುವುದಿಲ್ಲ.

ಇದನ್ನು ಕಟ್ಟಿದವರು ಮನೋವಿಜ್ಞಾನಿ ಗೈಸ್‌ಬರ್ಟ್ ಸ್ಟೂಟ್. 2010ರಲ್ಲಿ ಪ್ರಕಟವಾದ ಮೊದಲ ಪ್ರಬಂಧ ಲಿನಕ್ಸ್ ಮೇಲೆ ಓಡುವ ತಂತ್ರಾಂಶದ ಬಗ್ಗೆ ಇತ್ತು. 2017ರ ಪ್ರಬಂಧ ಬ್ರೌಸರಿನಲ್ಲಿ ನಡೆಯುವ ಆವೃತ್ತಿಯದು. ಇವತ್ತು ಹೆಚ್ಚಿನವರು ಬಳಸುವುದು ಬ್ರೌಸರ್ ಆವೃತ್ತಿಯನ್ನೇ. ಶೈಕ್ಷಣಿಕ ಬಳಕೆಗೆ ಹಣವಿಲ್ಲ, ಇನ್‌ಸ್ಟಾಲ್ ಮಾಡುವ ತಾಪತ್ರಯವಿಲ್ಲ. ಖಾತೆ ತೆರೆದು, ಲೈಬ್ರರಿಯಲ್ಲಿರುವ ಸ್ಟ್ರೂಪ್, ಎನ್-ಬ್ಯಾಕ್, ಫ್ಲ್ಯಾಂಕರ್, ಟಾಸ್ಕ್ ಸ್ವಿಚಿಂಗ್, ಕೋರ್ಸಿ, ವಿಸ್ಕಾನ್ಸಿನ್ ಕಾರ್ಡ್ ಮುಂತಾದ, ಗಮನ, ನೆನಪು ಇಂಥವನ್ನು ಅಳೆಯುವ ಸಿದ್ಧ ಪ್ರಯೋಗಗಳಲ್ಲಿ ಬೇಕಾದುದನ್ನು ನಕಲು ಮಾಡಿಕೊಂಡು ತಿದ್ದಿದರಾಯಿತು.

ತಿದ್ದಿದರಾಯಿತು ಅನ್ನುವುದೇನೋ ಸುಲಭ. ತೊಂದರೆಗಳೆಲ್ಲ ಶುರುವಾಗುವುದು ತಿದ್ದದೆ ಬಿಟ್ಟಾಗ.

ಪ್ರಶ್ನಾವಳಿ ಭಾಗ

ವ್ಯಕ್ತಿತ್ವದ ಐದು ಮುಖ್ಯ ಗುಣಗಳನ್ನು (ಬಿಗ್ ಫೈವ್) ಅಳೆಯಲು ಇಲ್ಲಿ ಸಾಮಾನ್ಯವಾಗಿ ಬಳಸುವುದು ಐಪಿಐಪಿ-50 ಎಂಬ 50 ಹೇಳಿಕೆಗಳ ಪ್ರಶ್ನಾವಳಿ. ಲೂಯಿಸ್ ಗೋಲ್ಡ್‌ಬರ್ಗ್ ಸಂಗ್ರಹದ ಈ ಹೇಳಿಕೆಗಳಿಗೆ ಹಕ್ಕುಸ್ವಾಮ್ಯದ ತಕರಾರಿಲ್ಲ. ಯಾರು ಬೇಕಾದರೂ ಬಳಸಬಹುದು, ಅನುವಾದಿಸಬಹುದು. ಗುಣವೊಂದಕ್ಕೆ 10 ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ, ಹಾಗಾಗಿ ಪ್ರತಿ ಗುಣದ ಮೊತ್ತ 10ರಿಂದ 50ರೊಳಗೆ ಬರುತ್ತದೆ. ಸಮಯ ಕಡಿಮೆ ಇದ್ದವರಿಗೆ ಗುಣಕ್ಕೆ 4ರಂತೆ 20 ಹೇಳಿಕೆಯ ಮಿನಿ ಐಪಿಐಪಿ ಇದೆ. ಗುಣಕ್ಕೆ ಎರಡೇ ಪ್ರಶ್ನೆ ಇರುವ ಹತ್ತು ಪ್ರಶ್ನೆಗಳ ಟಿಐಪಿಐ ಕೂಡ ಇದೆ, ಆದರೆ ಈ ಕೆಲಸಕ್ಕೆ ಅದು ಸಾಲದು. ನಾವು ಹುಡುಕುತ್ತಿರುವ ನಂಟೇ ತೆಳು. ಅದರ ಮೇಲೆ ಅಳತೆಗೋಲೂ ಒರಟಾದರೆ ಉಳಿಯುವುದೇನು?

ಐಪಿಐಪಿ-50ರಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಅದರ ನಾಲ್ಕನೆಯ ಗುಣದ ಹೆಸರು ನ್ಯೂರಾಟಿಸಿಸಂ (ಬೇಗ ಆತಂಕಗೊಳ್ಳುವ ಸ್ವಭಾವ) ಅಲ್ಲ, ಭಾವಸ್ಥಿರತೆ. ಅಂದರೆ ಹೆಚ್ಚು ಅಂಕ ಬಂದವರು ಹೆಚ್ಚು ಶಾಂತ ಸ್ವಭಾವದವರು. ಆದರೆ ಅದರ 10 ಹೇಳಿಕೆಗಳಲ್ಲಿ ನೇರವಾಗಿ ಅಂಕ ಹಾಕುವಂಥವು ಎರಡೇ: ಬಹುತೇಕ ನಿರಾಳವಾಗಿರುತ್ತೇನೆ, ಬೇಸರದಲ್ಲಿರುವುದು ಅಪರೂಪ ಎಂಬ ಅರ್ಥದವು. ಉಳಿದ ಎಂಟು ಚಿಂತೆ, ಸಿಡುಕು, ಮನಸ್ಸಿನ ಏರಿಳಿತ ಇಂಥವುಗಳ ಬಗ್ಗೆ. ಅವನ್ನು ತಿರುಗಿಸಬೇಕು; 6ರಿಂದ ಅಂಕವನ್ನು ಕಳೆದರೆ ತಿರುಗಿದ ಅಂಕ ಸಿಗುತ್ತದೆ. ಸೈಕೋಟೂಲ್‌ಕಿಟ್‌ನಲ್ಲಿ ಹೇಳಿಕೆಯ ಮುಂದೆ ಪುಷ್ಪಾವರಣದೊಳಗೆ ‘ರಿವರ್ಸ್’ ಎಂದು ಬರೆದರೆ ಸರ್ವೆಯೇ ತಿರುಗಿಸಿಕೊಡುತ್ತದೆ. ಇಲ್ಲಿ ಎರಡು ಬಗೆಯ ಎಡವಟ್ಟು ಕಾಣಸಿಗುತ್ತದೆ. ಸರ್ವೆ ಒಮ್ಮೆ ತಿರುಗಿಸಿದ್ದನ್ನು ಸ್ಪ್ರೆಡ್‌ಶೀಟಿನಲ್ಲಿ ಮತ್ತೊಮ್ಮೆ ತಿರುಗಿಸುವುದು ಒಂದು. ಮೊತ್ತ ಸರಿಯಾಗಿದ್ದರೂ ಅದನ್ನು ನ್ಯೂರಾಟಿಸಿಸಂ ಎಂದೇ ಓದಿಕೊಂಡು, ‘ಆತಂಕದ ಸ್ವಭಾವದವರು ಒತ್ತಡದಲ್ಲಿ ಚೆನ್ನಾಗಿ ಕೆಲಸ ಮಾಡುತ್ತಾರೆ’ ಎಂದು ವರದಿ ಬರೆಯುವುದು ಇನ್ನೊಂದು. ಪರೀಕ್ಷೆ ಸುಲಭ: ಎಲ್ಲ ಚಿಂತೆಯ ಹೇಳಿಕೆಗಳಿಗೂ 5, ಎರಡು ನಿರಾಳ ಹೇಳಿಕೆಗಳಿಗೂ 1 ಕೊಟ್ಟು ನೀವೇ ಒಮ್ಮೆ ತುಂಬಿ. ಮೊತ್ತ 10 ಬರಬೇಕು. 50 ಬಂದರೆ, ಅಥವಾ ನಡುವೆ ಎಲ್ಲೋ ನಿಂತರೆ, ಮುಂದೆ ಹೋಗಬೇಡಿ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಆ ಎಂಟು ಹೇಳಿಕೆಗಳಲ್ಲಿ ಒಂದು, ಬೇಗ ಒತ್ತಡಕ್ಕೆ ಒಳಗಾಗುತ್ತೇನೆ ಎನ್ನುವಂಥದ್ದು. ಒತ್ತಡ ಅಳೆಯಲು ಜನ ಥಟ್ಟನೆ ಕೈಹಾಕುವ ಪಿಎಸ್‌ಎಸ್-10 ಎಂಬ ಪ್ರಶ್ನಾವಳಿಯಲ್ಲೂ ಕಳೆದ ತಿಂಗಳಲ್ಲಿ ಎಷ್ಟು ಸಲ ಗಾಬರಿ, ಒತ್ತಡ ಅನ್ನಿಸಿತು ಎಂಬ ಪ್ರಶ್ನೆ ಇದೆ. ಎರಡೂ ಕಾಗದದ ಮೇಲಿನ ಉತ್ತರಗಳು, ಎರಡೂ ಒಂದೇ ಮಾತನ್ನು ಕೇಳುತ್ತವೆ. ಅವುಗಳ ನಡುವೆ ದೊಡ್ಡ ಸಹಸಂಬಂಧ ಬಂದರೆ ಅದೇನೂ ಕಂಡುಹಿಡಿದ ವಿಷಯವಲ್ಲ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದರ ಫಲ. ವ್ಯಕ್ತಿತ್ವ ಮತ್ತು ಒತ್ತಡದ ಬಗ್ಗೆ ಬರುವ ಎಷ್ಟೋ ವಿದ್ಯಾರ್ಥಿ ವರದಿಗಳ ‘ಬಲವಾದ ಫಲಿತಾಂಶ’ ಇದೇ ಆಗಿರುತ್ತದೆ.

ಪಿಎಸ್‌ಎಸ್ ಕೆಟ್ಟ ಪ್ರಶ್ನಾವಳಿ ಎಂದಲ್ಲ. ಶೆಲ್ಡನ್ ಕೋಹೆನ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ಕೊಟ್ಟ ಮೂಲ ಪ್ರಶ್ನಾವಳಿಯಿಂದ ಬಂದದ್ದು. 10 ಪ್ರಶ್ನೆ, 0ರಿಂದ 4 ಅಂಕ, ಒಟ್ಟು 0ರಿಂದ 40. 4, 5, 7 ಮತ್ತು 8ನೆಯ ಪ್ರಶ್ನೆಗಳನ್ನು ತಿರುಗಿಸಬೇಕು, ಇಲ್ಲಿ 4ರಿಂದ ಕಳೆಯಬೇಕು. ಆದರೆ ಅದು ಕೇಳುವುದು ಕಳೆದ ಒಂದು ತಿಂಗಳ ಸಮಾಚಾರ. ಈಗ, ಈ ಟಾಸ್ಕ್ ಮುಂದೆ ಕುಳಿತಾಗ ಎಷ್ಟು ಒತ್ತಡ ಇದೆ ಎಂಬುದಕ್ಕೆ ಅದು ಉತ್ತರವಲ್ಲ. ಅದಕ್ಕೆ 0ರಿಂದ 100ರ ಸ್ಲೈಡರ್ ಒಂದೇ ಸಾಕು: ‘ಈ ಕ್ಷಣ ಎಷ್ಟು ಒತ್ತಡ ಅನ್ನಿಸುತ್ತಿದೆ?’ ಸೈಕೋಟೂಲ್‌ಕಿಟ್‌ನ ‘ರೇಂಜ್’ ಬಗೆಯ ಪ್ರಶ್ನೆ ಇದಕ್ಕೆ ಹೇಳಿಮಾಡಿಸಿದ್ದು. ಒಂದೇ ಎಚ್ಚರ: ಸ್ಲೈಡರ್ ಮೊದಲೇ 50ರಲ್ಲಿ ನಿಂತಿದ್ದರೆ ಅವಸರದಲ್ಲಿರುವವರು ಅದನ್ನು ಮುಟ್ಟದೆ ಮುಂದೆ ಹೋಗುತ್ತಾರೆ. ದತ್ತಾಂಶದಲ್ಲಿ 50ರ ಗುಂಪು ಕಂಡರೆ ಕಾರಣ ಅದೇ. ಆರಂಭದ ಬಿಂದುವನ್ನು 0ಕ್ಕೆ ಇಟ್ಟು, ಎಲ್ಲರೂ ಒಮ್ಮೆಯಾದರೂ ಎಳೆಯಬೇಕು ಎಂದು ಸೂಚನೆಯಲ್ಲೇ ಹೇಳಿ.

ಪ್ರಶ್ನಾವಳಿಯನ್ನು ಯಾವಾಗ ತುಂಬಿಸಬೇಕು ಎಂಬುದೂ ಮುಖ್ಯ. ಒತ್ತಡದ ಬ್ಲಾಕ್ (ಪ್ರಯೋಗದಲ್ಲಿ ಒತ್ತಡ ಹುಟ್ಟಿಸುವ ಹಂತ) ಮುಗಿದ ಮೇಲೆ ಗುಣದ ಪ್ರಶ್ನಾವಳಿ ಕೊಟ್ಟರೆ ಆಗಷ್ಟೇ ಸೋತು ಕುಳಿತವರ ಮನಸ್ಥಿತಿ ಭಾವಸ್ಥಿರತೆಯ ಉತ್ತರಗಳಿಗೆ ಬಣ್ಣ ಬಳಿಯುತ್ತದೆ. ಸಾಧ್ಯವಾದರೆ ಬೇರೆ ದಿನ, ಆಗದಿದ್ದರೆ ಎಲ್ಲಕ್ಕಿಂತ ಮೊದಲು.

ಒತ್ತಡ: ಇಲ್ಲಿ ತಂತ್ರಾಂಶ ಕೈಚೆಲ್ಲುತ್ತದೆ

ಪ್ರಯೋಗಾಲಯದಲ್ಲಿ ಒತ್ತಡ ತರಲು ಎಲ್ಲರೂ ಒಪ್ಪುವ ವಿಧಾನ ಟ್ರಿಯರ್ ಸಾಮಾಜಿಕ ಒತ್ತಡ ಪರೀಕ್ಷೆ. ಕಿರ್ಷ್‌ಬಾಮ್, ಪಿರ್ಕೆ, ಹೆಲ್‌ಹ್ಯಾಮರ್ 1993ರಲ್ಲಿ ವಿವರಿಸಿದ್ದು. ತಯಾರಿಗೆ ಸ್ವಲ್ಪ ಹೊತ್ತು, ಮುಖದಲ್ಲಿ ಯಾವ ಭಾವವನ್ನೂ ತೋರದ ತೀರ್ಪುಗಾರರ ಮುಂದೆ 5 ನಿಮಿಷ ಭಾಷಣ, ಆಮೇಲೆ 5 ನಿಮಿಷ 1022ರಿಂದ 13ರಂತೆ ಬಾಯಲ್ಲೇ ಕಳೆಯುತ್ತ ಹೋಗುವುದು. ತಪ್ಪಿದರೆ ಮತ್ತೆ ಮೊದಲಿನಿಂದ. ಇದರ ಬಲ ಲೆಕ್ಕದಲ್ಲಿಲ್ಲ. ಡಿಕರ್ಸನ್ ಮತ್ತು ಕೆಮೆನಿ 2004ರಲ್ಲಿ 208 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಅತಿ ಹೆಚ್ಚು ಏರಿದ್ದು ಎರಡು ಅಂಶ ಕೂಡಿದ ಕಡೆ: ಬೇರೆಯವರು ನಮ್ಮನ್ನು ಅಳೆಯುತ್ತಿದ್ದಾರೆ ಎಂಬ ಭಯ, ಏನು ಮಾಡಿದರೂ ಪರಿಸ್ಥಿತಿ ಕೈಗೆ ಸಿಗುತ್ತಿಲ್ಲ ಎಂಬ ಅನಿಸಿಕೆ.

ಮನೆಯಲ್ಲಿ ಒಬ್ಬರೇ ಕುಳಿತು ಬ್ರೌಸರಿನಲ್ಲಿ ಗುಂಡಿ ಒತ್ತುವವರಿಗೆ ಇವೆರಡೂ ಇರುವುದಿಲ್ಲ. ಪರದೆಯ ಮೂಲೆಯಲ್ಲಿ ಕೆಂಪು ಗಡಿಯಾರ ಓಡಿಸಿದರೆ ಅವಸರವಾಗುತ್ತದೆ, ಅಷ್ಟೇ. ಅವಸರ ಮತ್ತು ಒತ್ತಡ ಒಂದೇ ಅಲ್ಲ. ಗಡುವು ಬಿಗಿ ಮಾಡಿದ ಕೂಡಲೇ ಪ್ರತಿಕ್ರಿಯಾ ಸಮಯ ಇಳಿಯುತ್ತದೆ, ತಪ್ಪು ಏರುತ್ತದೆ. ಇದು ಯಾವ ಗುಣದವರಲ್ಲೂ ಆಗುವ ವೇಗ ಮತ್ತು ನಿಖರತೆಯ ವಿನಿಮಯ. ಅದನ್ನೇ ‘ಒತ್ತಡದ ಪರಿಣಾಮ’ ಎಂದು ಕರೆದರೆ ಇಡೀ ಅಧ್ಯಯನ ದಾರಿ ತಪ್ಪಿತು.

ಹಾಗಾದರೆ ಸೈಕೋಟೂಲ್‌ಕಿಟ್ ಇಟ್ಟುಕೊಂಡು ಮಾಡಬಹುದಾದ್ದೇನು? ಅಳೆಯುವ ಟಾಸ್ಕ್ ಬೇರೆ, ಒತ್ತಡ ಹುಟ್ಟಿಸುವ ಟಾಸ್ಕ್ ಬೇರೆ ಎಂದು ಇಟ್ಟುಕೊಳ್ಳುವುದು ಮೊದಲ ನಿಯಮ. ಒತ್ತಡಕ್ಕೆ ಮಾಂಟ್ರಿಯಲ್ ಇಮೇಜಿಂಗ್ ಸ್ಟ್ರೆಸ್ ಟಾಸ್ಕ್‌ನ ತತ್ತ್ವ ಎರವಲು ಪಡೆಯಬಹುದು. ಡೆಡೋವಿಕ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಬಾಯಿಲೆಕ್ಕದ ಗಡುವು ವ್ಯಕ್ತಿಯನ್ನು ಬೆನ್ನಟ್ಟುತ್ತದೆ: ಸತತ ಮೂರು ಸರಿ ಉತ್ತರ ಬಂದರೆ ಸಮಯ 10% ಕಡಿಮೆ, ಸತತ ಮೂರು ತಪ್ಪಾದರೆ 10% ಹೆಚ್ಚು. ಯಾರು ಎಷ್ಟೇ ಜಾಣರಾಗಿರಲಿ, ಹೆಚ್ಚಿನ ಉತ್ತರ ತಪ್ಪುವಂತೆ ನೋಡಿಕೊಳ್ಳುತ್ತದೆ. ಜೊತೆಗೆ ‘ಇತರರ ಸರಾಸರಿ ಇಲ್ಲಿದೆ, ನೀವು ಇಲ್ಲಿದ್ದೀರಿ’ ಎಂದು ಪರದೆಯ ಮೇಲೆ ತೋರಿಸುವ ಪಟ್ಟಿ (ಬಾರ್). ಇಲ್ಲಿ ಕೆಲಸ ಮಾಡುವುದು ಆ ಪಟ್ಟಿಯೇ.

ಹೀಗೆ ತಾನಾಗಿ ಹೊಂದಿಕೊಳ್ಳುವ ಗಡುವನ್ನು ಸೈಕೋಟೂಲ್‌ಕಿಟ್‌ನ ಚಿಕ್ಕ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುವುದು ಹಿತವಾದ ಕೆಲಸವಲ್ಲ. ಅದೇ ಮುಖ್ಯವಾದರೆ ಪೈಥಾನ್ ಮೇಲೆ ನಿಂತ ಸೈಕೋಪೈಗೆ ಹೋಗುವುದು ಜಾಣತನ. ಇಲ್ಲೇ ಮಾಡಬೇಕೆಂದರೆ ಒರಟು ದಾರಿಯೊಂದಿದೆ: ಒಂದೇ ಲೆಕ್ಕದ ಟಾಸ್ಕನ್ನು ಬೇರೆ ಬೇರೆ ಗಡುವಿನ ಮೂರು ಪ್ರತಿಗಳಾಗಿ ಮಾಡಿ, ಅಭ್ಯಾಸದಲ್ಲಿ ವ್ಯಕ್ತಿ ತೆಗೆದುಕೊಂಡ ಸಮಯ ನೋಡಿ ಅವರಿಗೆ ನಿಜಕ್ಕೂ ಸಾಲದಂಥ ಪ್ರತಿಯನ್ನು ಕೊಡುವುದು. ಪ್ರಯೋಗ ನಡೆಸುವವರು ಕೋಣೆಯಲ್ಲೇ ಇದ್ದು, ಪ್ರತಿ ಬ್ಲಾಕ್ ಆದ ಮೇಲೆ ಮುಖ ಗಂಟುಹಾಕದೆ, ನಗದೆ, ‘ಇನ್ನೂ ಬೇಗ ಬೇಕು’ ಎಂದಷ್ಟೇ ಹೇಳಿದರೆ ಪರದೆಯ ಮೇಲಿನ ಎಲ್ಲ ಕಸರತ್ತಿಗಿಂತ ಹೆಚ್ಚು ಪರಿಣಾಮ ಆಗುತ್ತದೆ.

ಹೋಲಿಕೆಗೆ ಬೇಕಾದ ‘ಶಾಂತ’ ಬ್ಲಾಕ್‌ನಲ್ಲಿ ಸುಮ್ಮನೆ ಕೂರಿಸುವುದು ಸಲ್ಲ. ಅದೇ ಲೆಕ್ಕ, ಅಷ್ಟೇ ಹೊತ್ತು, ಗಡುವಿಲ್ಲ, ಪಟ್ಟಿಯಿಲ್ಲ. ಇಲ್ಲದಿದ್ದರೆ ಕೊನೆಗೆ ಕಾಣುವ ವ್ಯತ್ಯಾಸ ಒತ್ತಡದ್ದೋ ಲೆಕ್ಕ ಮಾಡಿದ ದಣಿವಿನದ್ದೋ ಹೇಳಲಾಗದು.

ಸಮಯದ ಲೆಕ್ಕ ಇನ್ನೊಂದು. ಎದೆ ಬಡಿತ ಏರುವುದು ಕೂಡಲೇ. ಕಾರ್ಟಿಸಾಲ್ ತುದಿ ಮುಟ್ಟುವುದು ಒತ್ತಡ ಶುರುವಾಗಿ ಸುಮಾರು 20ರಿಂದ 30 ನಿಮಿಷಕ್ಕೆ. ಒತ್ತಡದ ಬ್ಲಾಕ್ ಮುಗಿದ ಎರಡನೆಯ ನಿಮಿಷದಲ್ಲೇ ಎನ್-ಬ್ಯಾಕ್ ಕೊಟ್ಟರೆ ನೋಡುತ್ತಿರುವುದು ಮೊದಲ ಅಲೆಯನ್ನು, 25 ನಿಮಿಷಕ್ಕೆ ಕೊಟ್ಟರೆ ಎರಡನೆಯದನ್ನು. ಎರಡೂ ಸರಿ, ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಕೊಡುವುದು ತಪ್ಪು. ಅದೇ ಕಾರಣಕ್ಕೆ ಒಂದೇ ದಿನ ಮೊದಲು ಒತ್ತಡ, ಆಮೇಲೆ ಶಾಂತ ಎಂದು ನಡೆಸಿದರೆ ಮೊದಲಿನದರ ಕಾವು ಎರಡನೆಯದಕ್ಕೆ ಹರಿಯುತ್ತದೆ. ಎರಡು ದಿನ ಬೇಕು, ಎರಡೂ ದಿನ ಹೊತ್ತು ಒಂದೇ ಇರಬೇಕು. ಅರ್ಧ ಜನರಿಗೆ ಒತ್ತಡ ಮೊದಲು, ಇನ್ನರ್ಧಕ್ಕೆ ಆಮೇಲೆ. ಬೆಳಗ್ಗೆ ಎದ್ದ ಕೂಡಲೇ ಕಾರ್ಟಿಸಾಲ್ ತಾನಾಗಿಯೇ ಏರುವುದರಿಂದ ಮಧ್ಯಾಹ್ನದ ಹೊತ್ತು ಒಳ್ಳೆಯದು.

ಎದೆ ಬಡಿತ ದಾಖಲಿಸುವ ಸೌಲಭ್ಯ ಸೈಕೋಟೂಲ್‌ಕಿಟ್‌ನಲ್ಲಿ ಇಲ್ಲ. ಬೇರೆ ಸಾಧನ ಬೇಕು, ಗಡಿಯಾರಗಳನ್ನು ಕೈಯಲ್ಲೇ ಹೊಂದಿಸಬೇಕು. ಬಡಿತದ ಏರಿಳಿತ ಅಳೆಯುವವರು ಪ್ರತಿ ಹಂತಕ್ಕೂ 5 ನಿಮಿಷದ ತುಣುಕು ಇಟ್ಟುಕೊಳ್ಳಲಿ, ಹೃದಯತಜ್ಞರ ಸಂಘಗಳ 1996ರ ಕಾರ್ಯಪಡೆಯ ಮಾರ್ಗಸೂಚಿಯಿಂದ ಬಂದ ವಾಡಿಕೆ ಅದು. ಬಾಯಿಬಿಟ್ಟು ಉತ್ತರ ಹೇಳಿಸುತ್ತಿದ್ದರೆ ಉಸಿರಾಟವೇ ಬದಲಾಗಿ ಆ ಅಂಕಿ ಕೆಡುತ್ತದೆ. ಉತ್ತರ ಟೈಪ್ ಮಾಡಿಸುವುದು ಮೇಲು.

ಒತ್ತಡ ಎಷ್ಟಾಯಿತು ಎಂಬ ಸ್ಲೈಡರ್ ಪ್ರಶ್ನೆಯನ್ನು ಒತ್ತಡದ ಬ್ಲಾಕ್ ಮುಗಿದ ತಕ್ಷಣ ಕೇಳಬೇಕು. ಇಡೀ ಅಧಿವೇಶನ ಮುಗಿದ ಮೇಲೆ ಕೇಳಿದರೆ ಬರುವುದು ನೆನಪು, ಅದೂ ಕೊನೆಯ ಟಾಸ್ಕ್ ಹೇಗೆ ಹೋಯಿತು ಎಂಬುದರ ನೆನಪು.

ಯಾವ ಟಾಸ್ಕ್ ಆರಿಸಬೇಕು

ಸ್ಟ್ರೂಪ್, ಅಂದರೆ ಬಣ್ಣದ ಹೆಸರನ್ನು ಓದದೆ ಅದನ್ನು ಬರೆದಿರುವ ಬಣ್ಣವನ್ನು ಗುರುತಿಸುವ ಟಾಸ್ಕ್, ಎಲ್ಲರಿಗೂ ಗೊತ್ತು, 1935ರಿಂದ ಬಳಕೆಯಲ್ಲಿದೆ. ಹಾಗಾಗಿ ಎಲ್ಲರೂ ಮೊದಲು ಆರಿಸುವುದು ಅದನ್ನೇ. ಗುಣದ ಜೊತೆ ತಾಳೆ ನೋಡುವ ಅಧ್ಯಯನಕ್ಕೆ ಅದು ಅಷ್ಟೇನೂ ಒಳ್ಳೆಯ ಆಯ್ಕೆಯಲ್ಲ. ಹೆಜ್, ಪೊವೆಲ್, ಸಮ್ನರ್ 2018ರಲ್ಲಿ ತೋರಿಸಿದ ಸಂಗತಿ ಇದು: ಸ್ಟ್ರೂಪ್‌ನಂಥ ಟಾಸ್ಕ್‌ಗಳ ಪರಿಣಾಮ ಬಹುತೇಕ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿ ಬರುವುದರಿಂದಲೇ ಅವು ಪ್ರಯೋಗಗಳಲ್ಲಿ ಜನಪ್ರಿಯ, ಅದೇ ಕಾರಣಕ್ಕೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸವನ್ನು ಹಿಡಿಯುವಲ್ಲಿ ಅವು ಸೋಲುತ್ತವೆ. ಒಬ್ಬರಿಗೆ ಬಣ್ಣ ಮತ್ತು ಪದ ಹೊಂದಿದಾಗ 640 ಮಿಲಿಸೆಕೆಂಡ್, ಹೊಂದದಾಗ 730 ಬಂತೆನ್ನಿ, ವ್ಯತ್ಯಾಸ 90. ಒತ್ತಡದಲ್ಲಿ 655 ಮತ್ತು 760, ವ್ಯತ್ಯಾಸ 105. ನಿಮಗೆ ಬೇಕಾದದ್ದು 90 ಮತ್ತು 105ರ ನಡುವಿನ 15. ವ್ಯತ್ಯಾಸದ ಮೇಲೆ ವ್ಯತ್ಯಾಸ ತೆಗೆದಾಗ ಪ್ರತಿ ಹಂತದ ಅಳತೆ ದೋಷವೂ ಕೂಡುತ್ತ ಹೋಗುತ್ತದೆ. ಆ 15ರಲ್ಲಿ ಎಷ್ಟು ನಿಜ, ಎಷ್ಟು ಗದ್ದಲ ಎಂದು ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಹೇಳುವುದು ಅಸಾಧ್ಯ. ಇಂಥ ಅಂಕಿಯನ್ನು ಭಾವಸ್ಥಿರತೆಯ ಜೊತೆ ತಾಳೆ ನೋಡಿ ‘ನಂಟಿಲ್ಲ’ ಎಂದು ತೀರ್ಮಾನಿಸಿದರೆ ಅದು ಗುಣದ ಬಗ್ಗೆ ಏನೂ ಹೇಳುವುದಿಲ್ಲ.

ಶೀಲ್ಡ್ಸ್, ಸಾಜ್ಮಾ, ಯೋನೆಲಿನಾಸ್ 2016ರಲ್ಲಿ ಮಾಡಿದ ಮೆಟಾ ವಿಶ್ಲೇಷಣೆಯ (ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡುವುದು) ಪ್ರಕಾರ ತತ್‌ಕ್ಷಣದ ಒತ್ತಡ ವರ್ಕಿಂಗ್ ಮೆಮೊರಿಯನ್ನೂ (ವಿಷಯವನ್ನು ಕ್ಷಣಕಾಲ ತಲೆಯಲ್ಲಿ ಹಿಡಿದಿಟ್ಟು ಬಳಸುವ ಶಕ್ತಿ) ಒಂದರಿಂದ ಇನ್ನೊಂದಕ್ಕೆ ಹೊರಳುವ ಚುರುಕನ್ನೂ ಕುಂದಿಸುತ್ತದೆ. ತಡೆಹಿಡಿಯುವ ಸಾಮರ್ಥ್ಯದ ಚಿತ್ರ ಮಾತ್ರ ಮಿಶ್ರ, ಗುಂಡಿ ಒತ್ತಲು ಹೊರಟ ಕೈಯನ್ನು ತಡೆಯುವುದು ಸುಧಾರಿಸಬಹುದು, ಗಮನ ಕೆಡಿಸುವುದನ್ನು ತಡೆಯುವುದು ಹದಗೆಡಬಹುದು. ಆದ್ದರಿಂದ 2-ಬ್ಯಾಕ್ (ಎನ್-ಬ್ಯಾಕ್‌ನ ಒಂದು ಬಗೆ: ಈಗ ಕಂಡ ಅಕ್ಷರ ಎರಡು ಹೆಜ್ಜೆ ಹಿಂದಿನದೇ ಆದರೆ ಗುಂಡಿ ಒತ್ತುವುದು) ಅಥವಾ ಟಾಸ್ಕ್ ಸ್ವಿಚಿಂಗ್ (ಎರಡು ಕೆಲಸಗಳ ನಡುವೆ ಹೊರಳುವುದು) ಆರಿಸುವುದಕ್ಕೆ ಗಟ್ಟಿ ಕಾರಣವಿದೆ.

2-ಬ್ಯಾಕ್ ಆರಿಸಿದವರು ಶೇಕಡಾ ಸರಿ ಉತ್ತರ ಎಂಬ ಒಂದೇ ಅಂಕಿಗೆ ನಿಲ್ಲಬಾರದು. ಮೂರರಲ್ಲಿ ಒಂದು ಭಾಗ ಮಾತ್ರ ಗುರಿ ಅಕ್ಷರಗಳಿದ್ದರೆ, ಏನನ್ನೂ ಒತ್ತದೆ ಕುಳಿತವರಿಗೂ 67% ‘ಸರಿ’ ಸಿಗುತ್ತದೆ. ಹಿಡಿದದ್ದನ್ನೂ ಸುಳ್ಳು ಒತ್ತಿದ್ದನ್ನೂ ಬೇರೆ ಬೇರೆ ಎಣಿಸಿ, ಗುರಿಯನ್ನು ಗುರಿಯಲ್ಲದ್ದರಿಂದ ಎಷ್ಟು ಚೆನ್ನಾಗಿ ಬೇರ್ಪಡಿಸಿದರು ಎಂದು ಹೇಳುವ ಡಿ-ಪ್ರೈಮ್ ತೆಗೆಯಬೇಕು. ಯಾರಾದರೂ 20ಕ್ಕೆ 20 ಹಿಡಿದರೆ ಲೆಕ್ಕ ಅನಂತಕ್ಕೆ ಓಡುವುದರಿಂದ ಎಲ್ಲರಿಗೂ ಒಂದೇ ತಿದ್ದುಪಡಿ ಹಾಕಿ: ಎಣಿಕೆಗೆ 0.5, ಒಟ್ಟಿಗೆ 1 ಕೂಡಿಸಿ. 20.5ನ್ನು 21ರಿಂದ ಭಾಗಿಸಿದರೆ 0.976. 40 ಗುರಿಯಲ್ಲದ ಅಕ್ಷರಗಳಲ್ಲಿ 4 ಸಲ ಸುಳ್ಳು ಒತ್ತಿದ್ದರೆ 4.5 ಭಾಗಿಸು 41, ಅಂದರೆ 0.11. ಎರಡರ ಝಡ್ ಬೆಲೆಗಳ (ಸಾಮಾನ್ಯ ವಿತರಣೆಯ ಕೋಷ್ಟಕದಿಂದ ಸಿಗುವಂಥವು) ವ್ಯತ್ಯಾಸ, ಅಂದರೆ ಡಿ-ಪ್ರೈಮ್, ಸುಮಾರು 3.2.

ಸ್ಟ್ರೂಪೇ ಬೇಕು ಎನ್ನುವವರಿಗೆ ಲೈಬ್ರರಿಯ ಪ್ರತಿಯನ್ನು ಹಾಗೇ ಬಳಸಬೇಡಿ ಎಂಬುದೇ ಸಲಹೆ. ಅದು ತೋರಿಸಲೆಂದು ಮಾಡಿದ ಚಿಕ್ಕ ಪ್ರಯೋಗ. ಟ್ರಯಲ್ (ಒಂದು ಪದ ತೋರಿಸಿ ಒಂದು ಉತ್ತರ ಪಡೆಯುವ ಸರದಿ) ಸಂಖ್ಯೆ ಕಡಿಮೆ. ನಾಲ್ಕು ಪದ, ನಾಲ್ಕು ಬಣ್ಣಕ್ಕೆ 16 ಜೋಡಿ ಆಗುತ್ತವೆ, ಅದರಲ್ಲಿ ಹೊಂದುವುದು 4, ಹೊಂದದ್ದು 12. ಸಮಸಮ ಬೇಕಾದರೆ ಹೊಂದುವ ಸಾಲುಗಳನ್ನು ಸ್ಕ್ರಿಪ್ಟಿನ ಟೇಬಲ್‌ನಲ್ಲಿ ಮೂರು ಮೂರು ಸಲ ಬರೆದು 24 ಸಾಲು ಮಾಡಿ, 96 ಟ್ರಯಲ್ ಓಡಿಸಿ. ಇಲ್ಲೊಂದು ಕಣ್ಣಿಗೆ ಬೀಳದ ಹಳ್ಳ ಇದೆ. ಬೇರೇನೂ ಹೇಳದಿದ್ದರೆ ಸೈಕೋಟೂಲ್‌ಕಿಟ್ ಪ್ರತಿ ಟ್ರಯಲ್‌ಗೂ ಟೇಬಲ್‌ನಿಂದ ಯಾವುದೋ ಒಂದು ಸಾಲನ್ನು ಚೀಟಿ ಎತ್ತಿದಂತೆ ಎತ್ತುತ್ತದೆ, ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೇ ಹಾಕುತ್ತದೆ. ಒಬ್ಬರಿಗೆ ಹೊಂದುವ ಟ್ರಯಲ್ 55, ಇನ್ನೊಬ್ಬರಿಗೆ 41 ಬರಬಹುದು. ಹೊಂದುವ ಟ್ರಯಲ್ ಹೆಚ್ಚಾದಷ್ಟೂ ಸ್ಟ್ರೂಪ್ ಪರಿಣಾಮ ದೊಡ್ಡದಾಗುತ್ತದೆ ಎಂಬುದು ಹಳೆಯ ವಿಷಯ. ಹಾಗಾಗಿ ನೀವು ವ್ಯಕ್ತಿಗಳ ನಡುವಿನ ವ್ಯತ್ಯಾಸ ಎಂದುಕೊಂಡದ್ದರಲ್ಲಿ ಒಂದಿಷ್ಟು ಈ ಚೀಟಿಯಾಟದ ಕೊಡುಗೆ. ಸ್ಕ್ರಿಪ್ಟಿನ ಟಾಸ್ಕ್‌ಲಿಸ್ಟ್ ಭಾಗದ ಸಾಲಿನಲ್ಲಿ ಟ್ರಯಲ್ ಸಂಖ್ಯೆಯ ಮುಂದೆ ‘ಆಲ್ ಬಿಫೋರ್ ರಿಪೀಟ್’ ಆಯ್ಕೆ ಬರೆದರೆ (ಪದಗಳ ನಡುವೆ ಅಂಡರ್‌ಸ್ಕೋರ್ ಇರಲಿ) ಎಲ್ಲ ಸಾಲು ಒಂದು ಸುತ್ತು ಮುಗಿಯದೆ ಯಾವುದೂ ಎರಡನೆಯ ಸಲ ಬರುವುದಿಲ್ಲ. ಗುಣಭೇದ ಅಳೆಯುವ ಯಾವ ಟಾಸ್ಕ್‌ಗೂ ಇದು ಬೇಕೇ ಬೇಕು. ಮೊದಲೇ ಹಾಗೆ ಇಡಬಹುದಿತ್ತು.

ಸಮಯದ ನಿಖರತೆ ಬಗ್ಗೆ ಅನಗತ್ಯ ಭಯ ಬೇಡ. 60 ಹರ್ಟ್ಸ್ ಪರದೆಯಲ್ಲಿ ಒಂದು ಚೌಕಟ್ಟು 16.7 ಮಿಲಿಸೆಕೆಂಡ್, ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ತನ್ನಿಂದ ಇನ್ನೂ ಕೆಲವು ಮಿಲಿಸೆಕೆಂಡ್ ಸೇರಿಸುತ್ತದೆ. ಒಬ್ಬರೇ ಒಂದೇ ಯಂತ್ರದಲ್ಲಿ ಎರಡೂ ದಿನ ಕುಳಿತರೆ ಈ ವಿಳಂಬ ಎರಡೂ ಕಡೆ ಸಮನಾಗಿದ್ದು, ಕಳೆದಾಗ ಹೋಗುತ್ತದೆ. ಕಿಮ್, ಗೇಬ್ರಿಯಲ್, ಗಿಗಾಕ್ಸ್ 2019ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬಳಸುವ ಇ-ಪ್ರೈಮ್ ತಂತ್ರಾಂಶದ ಜೊತೆ ಹೋಲಿಸಿ, ಆಯ್ಕೆ ಮತ್ತು ಪ್ರತಿಕ್ರಿಯಾ ಸಮಯದ ಅಧ್ಯಯನಕ್ಕೆ ಸೈಕೋಟೂಲ್‌ಕಿಟ್ ಯೋಗ್ಯ ಎಂದೇ ಬರೆದಿದ್ದಾರೆ. ಸಮಸ್ಯೆ ಆಗುವುದು ಒಬ್ಬರು ಮೊದಲ ದಿನ ಲ್ಯಾಪ್‌ಟಾಪ್, ಎರಡನೆಯ ದಿನ ಬೇರೆ ಯಂತ್ರ ಬಳಸಿದಾಗ. ಫೋನಿನಲ್ಲಿ ಮಾಡಿದವರನ್ನು ಕೀಬೋರ್ಡಿನವರ ಜೊತೆ ಬೆರೆಸಿದಾಗ. ಫೋನನ್ನು ಮೊದಲೇ ಹೊರಗಿಡಿ. ಇಂಗ್ಲಿಷಲ್ಲದ ಲಿಪಿಯ ಪದಗಳನ್ನು ಪ್ರಯೋಗದಲ್ಲಿ ತೋರಿಸುವವರು ಅವನ್ನು ಚಿತ್ರಗಳಾಗಿ ಮಾಡಿ ಸೇರಿಸುವುದು ಸುರಕ್ಷಿತ, ಫಾಂಟಿನ ಕಾಟ ತಪ್ಪುತ್ತದೆ.

ಬಂದ ದತ್ತಾಂಶವನ್ನು ಓದುವುದು

ಡೌನ್‌ಲೋಡ್ ಮಾಡಿದ ಜಿಪ್‌ನಲ್ಲಿ ಸರ್ವೆಯ ಉತ್ತರಗಳ ಒಂದು ಸ್ಪ್ರೆಡ್‌ಶೀಟ್, ಜೊತೆಗೆ ಪ್ರತಿ ವ್ಯಕ್ತಿಯ ಪ್ರಯೋಗಕ್ಕೆ ಒಂದೊಂದು ಪಠ್ಯ ಕಡತ ಇರುತ್ತದೆ. ಸ್ಪ್ರೆಡ್‌ಶೀಟಿನ ಪ್ರಯೋಗದ ಕಾಲಂನಲ್ಲಿರುವುದು ಆ ಕಡತದ ಹೆಸರು. ಎರಡನ್ನೂ ಬೆಸೆಯುವ ಕೊಂಡಿ ಅದೊಂದೇ, ಕಡತಗಳ ಹೆಸರು ಬದಲಿಸಿದರೆ ಮುಗಿಯಿತು. ಪಠ್ಯ ಕಡತದಲ್ಲಿ ತಲೆಬರಹದ ಸಾಲು ಇರುವುದಿಲ್ಲ. ಯಾವ ಕಾಲಂ ಏನು ಎಂಬುದು ನಿಮ್ಮ ಸ್ಕ್ರಿಪ್ಟಿನ ‘ಸೇವ್’ ಸಾಲಿನ ಕ್ರಮದಲ್ಲೇ ಇರುತ್ತದೆ. ಸ್ಥಿತಿಯ ಕಾಲಂನಲ್ಲಿ 1 ಎಂದರೆ ಸರಿ, 2 ತಪ್ಪು, 3 ಗಡುವಿನೊಳಗೆ ಉತ್ತರ ಬಂದಿಲ್ಲ. ಈ 3ನ್ನು ಮರೆತು ಎಲ್ಲ ಸಾಲುಗಳ ಸರಾಸರಿ ತೆಗೆದರೆ ಗಡುವಿನ ಅವಧಿಯೇ ಪ್ರತಿಕ್ರಿಯಾ ಸಮಯವಾಗಿ ನುಸುಳುತ್ತದೆ, ಅದೂ ಒತ್ತಡದ ಬ್ಲಾಕ್‌ನಲ್ಲೇ ಹೆಚ್ಚು. ಸರಿ ಉತ್ತರಗಳ ಸಮಯ ಮಾತ್ರ ತೆಗೆದುಕೊಳ್ಳಿ, 200 ಮಿಲಿಸೆಕೆಂಡಿಗಿಂತ ಬೇಗ ಬಂದದ್ದು ಊಹೆಯೆಂದು ಬಿಡಿ, ತಪ್ಪಿದ್ದನ್ನೂ ಗಡುವು ಮೀರಿದ್ದನ್ನೂ ಪ್ರತ್ಯೇಕವಾಗಿ ಎಣಿಸಿ.

ಸಮಯ ಮತ್ತು ತಪ್ಪು ಎರಡನ್ನೂ ಬೇರೆ ಬೇರೆ ನೋಡಬೇಕೆನ್ನಲು ಸಿದ್ಧಾಂತದ ಬೆಂಬಲವೂ ಇದೆ. ಮೈಕೆಲ್ ಐಸೆಂಕ್ ಮತ್ತು ಸಹೋದ್ಯೋಗಿಗಳ 2007ರ ಗಮನ ನಿಯಂತ್ರಣ ಸಿದ್ಧಾಂತದ ಪ್ರಕಾರ ಆತಂಕ ಮೊದಲು ಕೆಡಿಸುವುದು ದಕ್ಷತೆಯನ್ನು, ಫಲಿತಾಂಶವನ್ನಲ್ಲ. ಆತಂಕದ ಸ್ವಭಾವದವರು ಹೆಚ್ಚು ಶ್ರಮ ಹಾಕಿ ಸರಿ ಉತ್ತರವನ್ನೇ ಕೊಡುತ್ತಾರೆ. ಅದಕ್ಕೆ ತೆಗೆದುಕೊಳ್ಳುವ ಸಮಯ ಮತ್ತು ಶ್ರಮ ಹೆಚ್ಚು. ನಿಖರತೆಯನ್ನಷ್ಟೇ ಅಳೆದ ಅಧ್ಯಯನಕ್ಕೆ ಈ ಜನ ಎಲ್ಲರಂತೆಯೇ ಕಾಣುತ್ತಾರೆ. ಶ್ರಮ ಕೇಳಲು ನಾಸಾ-ಟಿಎಲ್‌ಎಕ್ಸ್ ಇದೆ, ಹಾರ್ಟ್ ಮತ್ತು ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ ಆರು ಮಾಪಕಗಳ ಪಟ್ಟಿ. ಆರೂ ಸ್ಲೈಡರ್‌ಗಳನ್ನು ಸರ್ವೆಯಲ್ಲಿ ಬರೆಯಬಹುದು. ಯಾವ ಮಾಪಕಕ್ಕೆ ಎಷ್ಟು ತೂಕ ಎಂದು ತಿಳಿಯಲು ಕೇಳುವ 15 ಜೋಡಿ ಹೋಲಿಕೆಗಳನ್ನು ಬಿಟ್ಟು ಬರೀ ಸರಾಸರಿ ತೆಗೆದರೂ ನಡೆಯುತ್ತದೆ. ‘ಸಾಧನೆ’ ಮಾಪಕದಲ್ಲಿ ಮಾತ್ರ ಎಡತುದಿ ಪರಿಪೂರ್ಣ, ಬಲತುದಿ ವಿಫಲ. ಜನ ಅದನ್ನು ಉಲ್ಟಾ ತುಂಬುತ್ತಾರೆ. ತುದಿಗಳ ಹೆಸರನ್ನು ದಪ್ಪಕ್ಷರದಲ್ಲಿ ಬರೆಯಿರಿ.

ಎಷ್ಟು ಜನ ಬೇಕು? ಗುಣ ಮತ್ತು ಟಾಸ್ಕ್ ನಡುವೆ 0.2ರ ಸಹಸಂಬಂಧ ಸಿಕ್ಕರೆ ಅದೇ ದೊಡ್ಡದು. ಅದನ್ನು 80% ಭರವಸೆಯಲ್ಲಿ, 0.05 ಮಟ್ಟದಲ್ಲಿ (ಇಲ್ಲದ ನಂಟು ಆಕಸ್ಮಿಕವಾಗಿ ಕಾಣುವ ಸಂಭವ 5%) ಹಿಡಿಯಲು 194 ಜನ ಬೇಕು. 0.1 ಆದರೆ 780 ದಾಟುತ್ತದೆ. 40 ಜನರ ಮೇಲೆ ಮಾಡಿದ್ದರಲ್ಲಿ ಏನಾದರೂ ಹೊಳೆದು ಕಂಡರೆ ಅದು ಉಬ್ಬಿದ ಅಂಕಿಯಾಗಿರುವ ಸಂಭವವೇ ಹೆಚ್ಚು. ಐದು ಗುಣ, ನಾಲ್ಕು ಅಳತೆ ಎಂದರೆ 20 ತಾಳೆ. ಏನೂ ಇಲ್ಲದಿದ್ದರೂ ಸರಾಸರಿ ಒಂದು 0.05ರ ಕೆಳಗೆ ಬಂದೇ ಬರುತ್ತದೆ. ಯಾವ ಗುಣ, ಯಾವ ಅಳತೆ ಎಂದು ಮೊದಲೇ ಬರೆದಿಡಿ. ಭಾವಸ್ಥಿರತೆ ಮತ್ತು 2-ಬ್ಯಾಕ್‌ನ ಸಮಯ, ಇಷ್ಟೇ ಆದರೂ ಸಾಕು. ಭಾವಸ್ಥಿರತೆಯನ್ನು ‘ಹೆಚ್ಚು’, ‘ಕಡಿಮೆ’ ಎಂದು ನಡುವೆ ಸೀಳಿ ಎರಡು ಗುಂಪು ಮಾಡುವ ಚಾಳಿಯನ್ನೂ ಬಿಡಬೇಕು. 31 ಮತ್ತು 32 ಅಂಕದವರು ಬೇರೆ ಬೇರೆ ಗುಂಪಿಗೆ ಬೀಳುತ್ತಾರೆ, 32 ಮತ್ತು 49 ಒಂದೇ ಗುಂಪಿಗೆ. ಅಂಕವನ್ನು ಹಾಗೇ ಇಟ್ಟು, ಗುಣ ಮತ್ತು ಸನ್ನಿವೇಶದ (ಶಾಂತ ಅಥವಾ ಒತ್ತಡ) ಗುಣಾಕಾರವನ್ನು ಸಂಖ್ಯಾಶಾಸ್ತ್ರದ ಮಾದರಿಯಲ್ಲಿ ಸೇರಿಸಿ. ಪ್ರಶ್ನೆಗೆ ಉತ್ತರ ಇರುವುದು ಆ ಪದದಲ್ಲಿ. ಗುಣವೊಂದೇ ಟಾಸ್ಕ್‌ನ ಫಲಿತಾಂಶವನ್ನು ಊಹಿಸಿದರೆ ಅದರಲ್ಲಿ ಒತ್ತಡದ ಮಾತೇ ಇಲ್ಲ.

ಒತ್ತಡ ಮಿತವಾಗಿದ್ದಾಗ ಕೆಲಸ ಅತಿ ಚೆನ್ನ ಎನ್ನುವ ತಲೆಕೆಳಗಾದ ‘ಯು’ ಆಕಾರದ ರೇಖೆಯನ್ನು ಪ್ರತಿ ವರದಿಯಲ್ಲೂ ಅಂಟಿಸುವವರಿಗೆ ಒಂದು ಮಾತು: ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ಅಳೆದದ್ದು ವಿದ್ಯುತ್ ಆಘಾತಕ್ಕೆ ಹೆದರಿ ಇಲಿಗಳು ಎರಡು ಪೆಟ್ಟಿಗೆಗಳಲ್ಲಿ ಸರಿಯಾದ್ದನ್ನು ಗುರುತಿಸಲು ಎಷ್ಟು ಬೇಗ ಕಲಿಯುತ್ತವೆ ಎಂಬುದನ್ನು. ಶಾಂತ ಮತ್ತು ಒತ್ತಡ ಎಂಬ ಎರಡೇ ಸನ್ನಿವೇಶ ಇಟ್ಟು ಆ ರೇಖೆಯನ್ನು ಸಾಬೀತು ಮಾಡಲಾಗದು. ಎರಡು ಬಿಂದುಗಳಿಂದ ಸರಳರೇಖೆ ಮಾತ್ರ ಸಿಗುತ್ತದೆ.

ಯಾರು ಬಳಸಬಾರದು ಎಂಬುದು ಸ್ಪಷ್ಟ. ಕೆಲಸಕ್ಕೆ ಆಯ್ಕೆ ಮಾಡಲು, ‘ಇವರು ಒತ್ತಡ ತಡೆಯುತ್ತಾರೋ ಇಲ್ಲವೋ’ ಎಂದು ಒಬ್ಬೊಬ್ಬರ ಹಣೆಬರಹ ಹೇಳಲು ಇದನ್ನು ಬಳಸಕೂಡದು. 0.2ರ ನಂಟು ವ್ಯತ್ಯಾಸದ 4%ನ್ನು ಮಾತ್ರ ವಿವರಿಸುತ್ತದೆ. ಗುಂಪಿನ ಬಗ್ಗೆ ಮಾತಾಡಲು ಅದು ಸಾಕು, ಎದುರು ಕುಳಿತವರ ಬಗ್ಗೆ ಸಾಲದು.

ಪಾಠಕ್ಕೆ, ಪ್ರಾಯೋಗಿಕ ತರಗತಿಗೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಸಂಶೋಧನೆಗೆ ಬಳಸುವವರು ಲಿಂಕ್ ಹಂಚುವ ಮೊದಲು ಇಷ್ಟು ಮಾಡಲಿ: ಇಡೀ ಅಧಿವೇಶನವನ್ನು ಪ್ರಯೋಗ ನಡೆಸುವವರೇ ಒಮ್ಮೆ ಸರಿಯಾಗಿ, ಒಮ್ಮೆ ಬೇಕೆಂದೇ ತಪ್ಪಾಗಿ, ಒಮ್ಮೆ ಏನನ್ನೂ ಒತ್ತದೆ ಮುಗಿಸಿ, ಮೂರೂ ಕಡತ ತೆರೆದು ಸ್ಥಿತಿಯ ಕಾಲಂನಲ್ಲಿ 1, 2, 3 ಬಂದಿದೆಯೇ ನೋಡಬೇಕು. ಸುಳ್ಳು ಸರಾಸರಿಯ ಪಟ್ಟಿ ತೋರಿಸುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದು ಎಂದು ಮೊದಲೇ ತಿಳಿಸಬೇಕು. ಮುಗಿದ ಮೇಲೆ ಆ ಅಂಕಿ ಕಟ್ಟಿದ್ದು, ಗಡುವು ಯಾರಿಗೂ ಸಾಲದಂತೆ ಇಟ್ಟದ್ದು ಎಂದು ಎದುರಿಗೇ ಹೇಳಿ ಕಳಿಸಬೇಕು. ನಡುವೆ ಬ್ರೌಸರ್ ಮುಚ್ಚಿ ಹೋದವರಿಗೆ ಆ ವಿವರಣೆಯ ಪುಟ ಸಿಗುವುದಿಲ್ಲವಾದ್ದರಿಂದ, ಒತ್ತಡದ ಬ್ಲಾಕ್ ಇರುವ ಅಧಿವೇಶನವನ್ನು ದೂರದಿಂದ ಲಿಂಕ್ ಕಳಿಸಿ ಮಾಡಿಸದೆ ಕೋಣೆಯಲ್ಲೇ ನಡೆಸಿ.